ಎಲ್ಲರಿಗೂ ಒಂದೇ ರಿಪೋರ್ಟ್

ಜೂನ್ 17, ಮಂಗಳವಾರ. ಚಿಕ್ಕಬಳ್ಳಾಪುರ.

ಒಂದೇ ಒಂದು ದರಿದ್ರ ಸಾಲು. ರಕ್ತಪರೀಕ್ಷೆಯ ಲ್ಯಾಬಿನ ವೆಬ್‌ಸೈಟ್ ಬೇಗ ತೆರೆಯಲೆಂದು ನಿನ್ನೆ ರಿಪೋರ್ಟ್ ತೆಗೆಯುವ ಜಾವಾ ಕೋಡಿನ ನೆತ್ತಿಗೆ ‘ಕ್ಯಾಶೆಬಲ್’ ಎಂಬ ಅನೋಟೇಶನ್ ಅಂಟಿಸಿದ್ದೆ, ಒಮ್ಮೆ ತೆಗೆದದ್ದನ್ನು ನೆನಪಿಟ್ಟುಕೋ ಎಂಬ ಸೂಚನೆ. ಅದು ಇವತ್ತು ಮೊದಲು ನೋಡಿದವರ ರಿಪೋರ್ಟನ್ನೇ ನೆನಪಿಟ್ಟುಕೊಂಡು ಎಲ್ಲರಿಗೂ ತೋರಿಸಿದೆ. ಹೆಸರು ಮಾತ್ರ ಅವರವರದು. ನಿನ್ನೆ ಪರೀಕ್ಷಿಸುವಾಗ ಲಾಗಿನ್ ಆದವಳು ನಾನೊಬ್ಬಳೇ. ತಪ್ಪು ಕಾಣುವುದಾದರೂ ಹೇಗೆ?

ಮೊದಲು ನೋಡಿದವರಿಗೆ ಎಲ್ಲ ನಾರ್ಮಲ್ ಇತ್ತು. ಕಳವಾರದ ಆದಿಲಕ್ಷ್ಮಮ್ಮನವರಿಗೂ ಅದೇ ಕಂಡಿದೆ, ಅವರ ನಿಜವಾದ ಶುಗರ್ ಐನೂರು ದಾಟಿತ್ತು. ಗೊತ್ತಾದ ಕೂಡಲೇ ಫೋನ್ ಮಾಡಿದೆ. ಸೊಸೆ ಎತ್ತಿದರು.

“ಏನೂ ಇಲ್ಲ ಅಂತ ಬಂತಲ್ಲ ಮೇಡಂ, ಖುಷಿಗೆ ಒಬ್ಬಟ್ಟು ಮಾಡ್ಸಿ ತಿಂದ್ರು. ಮಧ್ಯಾಹ್ನದಿಂದ ಮಲಗವ್ರೆ, ಕೂಗಿದ್ರೂ ಏಳ್ತಿಲ್ಲ. ಮಲಗ್ಲಿ ಅಂತ ಸುಮ್ನಿದೀವಿ.”

ಆಸ್ಪತ್ರೆಗೆ ಕರ್ಕೊಂಡು ಹೋಗಿ ಎಂದು ಕಿರುಚಿದೆ.

ಸಾಲು ಅಳಿಸಿಯಾಯಿತು. ಆ ಮನೆಯ ಫೋನ್ ರಿಂಗಾಗುತ್ತಲೇ ಇದೆ, ಯಾರೂ ಎತ್ತುತ್ತಿಲ್ಲ.