ಲೈನಿಂಗ್ ಬಟ್ಟೆಯ ಮೇಲೆ ಸೂರ್ಯ

ಅಣ್ಣಾ,

ನೀನು ತೀರಿಹೋಗಿ ಎಂಟು ತಿಂಗಳಾದ ಮೇಲೆ ಇವತ್ತು ನಿನ್ನ ಟೆಲಿಸ್ಕೋಪನ್ನು ಹೊಲಿಗೆ ಅಂಗಡಿಗೆ ತಂದೆ. ಸೂರ್ಯನಲ್ಲಿ ಭೂಮಿಗಿಂತ ದೊಡ್ಡ ಕಲೆಯೊಂದು ಮೂಡಿದೆ ಎಂದು ಪತ್ರಿಕೆಯಲ್ಲಿ ಬಂದಿತ್ತು. ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಏನೋ ಮಾಡಲು ಹೋಗಿ ಕಣ್ಣು ಕಳೆದುಕೊಂಡರೆ ಸೂಜಿಗೆ ದಾರ ಪೋಣಿಸುವವರು ಯಾರು ಎಂದು ಹೆದರಿದೆ. ನೀನು ಹೇಳುತ್ತಿದ್ದಂತೆ ಒಳಗೆ ಇಣುಕದೆ, ಬೆಳಕನ್ನು ಬಿಳಿ ಲೈನಿಂಗ್ ಬಟ್ಟೆಯ ಮೇಲೆ ಬೀಳಿಸಿದೆ. ತಟ್ಟೆಯಷ್ಟಗಲದ ಸೂರ್ಯ, ಅದರಲ್ಲೊಂದು ಕಪ್ಪು ಚುಕ್ಕೆ.

"ಅದು ಗಾಜಿನ ಧೂಳಮ್ಮಾ. ನಿಮ್ಮಣ್ಣ ಒರೆಸ್ತಾನೇ ಇರ್ಲಿಲ್ವೇನೋ," ಎಂದರು ಕಟಿಂಗ್ ಮಾಸ್ತರು.

ಕಣ್ಣಿಡುವ ಕಡೆಯ ಗಾಜನ್ನು ತಿರುಗಿಸಿದೆ. ಧೂಳಾದರೆ ಜೊತೆಗೇ ತಿರುಗುತ್ತದೆ ಎಂದು ನೀನೇ ಹೇಳಿದ್ದೆ. ಚುಕ್ಕೆ ಕದಲಲಿಲ್ಲ.

"ಹಾಗಾದ್ರೆ ಸೂರ್ಯಂದೇ ಬಿಡು," ಎಂದು ಮಾಸ್ತರು ಕನ್ನಡಕ ಹುಡುಕಿದರು.

ಇದನ್ನು ನೋಡು ಬಾ ಎಂದು ನೀನು ಎಷ್ಟು ಸಲ ಕರೆದಿದ್ದೆ. ಪ್ರತಿ ಸಲವೂ ನಾನು ಹೊಲಿಗೆ ಬಾಕಿ ಇದೆ ಎಂದೆ. ಯಾವ ಹೊಲಿಗೆಯೂ ಬಾಕಿ ಇರಲಿಲ್ಲ.

ಚುಕ್ಕೆಯಿದ್ದಲ್ಲಿ ನೀಲಿ ಸೀಮೆಸುಣ್ಣದಿಂದ ಗುರುತು ಹಾಕಿದ್ದೇನೆ. ಸೂರ್ಯನೂ ತಿರುಗುತ್ತಾನಲ್ಲ, ನಾಳೆ ಅದು ಸರಿದಿರಬೇಕು. ಮೋಡ ಕವಿದರೆ ಏನು ಮಾಡಲಿ ಎಂಬ ಚಿಂತೆ ಈಗಲೇ ಹತ್ತಿಕೊಂಡಿದೆ. ಆದರೂ ಆ ಬಟ್ಟೆಗೆ ಕತ್ತರಿ ಹಾಕಬೇಡಿ ಎಂದು ಮಾಸ್ತರಿಗೆ ಹೇಳಿ ಬಂದಿದ್ದೇನೆ.