ಹುಡುಗನ ಕುರ್ಚಿಯಲ್ಲಿ ವಕೀಲರು

ಅತ್ತೀ,

ಕನ್ನಡದಲ್ಲಿ ಬರೆಯುತ್ತಿದ್ದೇನೆ, ನಗಬೇಡ. ಹಾಸ್ಟೆಲಿನಿಂದ ನಾನು ಇಂಗ್ಲಿಷಿನಲ್ಲಿ ಕಾಗದ ಬರೆದರೆ ನೀನು ಅದರ ಮೇಲೆಯೇ ಕೆಂಪು ಪೆನ್ನಿನಲ್ಲಿ ‘ಇದು ಯಾರ ಮನಿ ಮಾತು?’ ಎಂದು ಗೀಚಿ ವಾಪಸ್ ಕಳಿಸುತ್ತಿದ್ದೆ. ಈಗ ಗೀಚುವವರಿಲ್ಲ, ತಪ್ಪಿದ್ದರೂ ಹಾಗೇ ಉಳಿದುಬಿಡುತ್ತದೆ. ನಾನು ಲಾ ಮೊದಲ ವರ್ಷದಲ್ಲಿದ್ದೇನೆ. ಇದು ನಿನಗೆ ಗೊತ್ತಿಲ್ಲ, ನೀನು ತೀರಿಹೋದಾಗ ನಾನಿನ್ನೂ ಪ್ರವೇಶ ಪರೀಕ್ಷೆಗೆ ಓದುತ್ತಿದ್ದೆ. ರಜೆಗೆ ಬಸವಕಲ್ಯಾಣಕ್ಕೆ ಬಂದವಳು ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹುಮನಾಬಾದಿನ ನಿನ್ನ ಆಫೀಸಿಗೇ ಹೋಗುತ್ತೇನೆ. ಈಗ ಅದು ಮಲ್ಲಿಕಾರ್ಜುನ ಸರ್ ಆಫೀಸು. ನಿನ್ನ ಜೂನಿಯರ್ ಮಲ್ಲು. ಅವರ ಮೇಲೆ ನಿನ್ನ ಹತ್ತಿರ ಒಂದು ದೂರು ಹೇಳೋಣ ಎಂದು ಕೂತೆ. ಬರೆಯುತ್ತ ಹೋದರೆ ದೂರು ಯಾರ ಮೇಲೆ ಬೀಳುತ್ತದೋ…

ಒಂದು ಭಾನುವಾರ ನೀನು ಹಾಸ್ಟೆಲಿಗೆ ಬಂದು, ಊಟ ಹೇಗಿದೆ ಎಂದು ಕೇಳಿದ್ದೆ. ನಾನು ‘ಫುಡ್ ಈಸ್ ಹೆಲ್ದಿ ಆಂಡ್ ಟೇಸ್ಟಿ, ಆಂಟಿ’ ಎಂದೆ. ನೀನು ವಾರ್ಡನ್ ಕಡೆ ತಿರುಗಿ, ಆಂಟಿ ಅಂದರೆ ಯಾರು, ನಾನು ಇವಳ ಅತ್ತಿ ಎಂದುಬಿಟ್ಟೆ. ಆಮೇಲೆ ನನ್ನನ್ನು ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ ಮತ್ತೆ ಅದನ್ನೇ ಕೇಳಿದೆ. ನನಗೆ ಅಳು ಬಂತು. ಇನ್ಸ್‌ಪೆಕ್ಷನ್ ಬರುವ ಮುಂಚೆ ವಾರ್ಡನ್ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಉತ್ತರ ಬಾಯಿಪಾಠ ಮಾಡಿಸುತ್ತಿದ್ದರು. ಅಷ್ಟೂ ಹುಡುಗಿಯರು ಒಂದೇ ಜಾಗದಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದೆವು. ಹಾಗೆ ಕಲಿತ ಉತ್ತರದ ಸಪ್ಪಳ ನನಗೆ ಈಗಲೂ ದೂರದಿಂದಲೇ ಗೊತ್ತಾಗುತ್ತದೆ.

ಶನಿವಾರ ಮಧ್ಯಾಹ್ನ ನಿನ್ನ ಆಫೀಸಿನ ಮೂಲೆಯಲ್ಲಿ ಕೂತು ಶೇಂಗಾ ತಿನ್ನುತ್ತ ನಾನು ನೋಡುತ್ತಿದ್ದ ನಾಟಕ ನೆನಪಿದೆಯಾ? ಪೊಲೀಸ್ ಕೇಸಿಗೆ ಸಿಕ್ಕ ಮಕ್ಕಳ ಪರವಾಗಿ ಪುಕ್ಕಟೆ ವಾದಿಸುವ ವಕೀಲರು, ಅವರ ಮೇಲೆ ಕಣ್ಣಿಡುವ ಕೆಲಸ ನಿನ್ನದು. ಸೋಮವಾರ ಬೀದರಿನಲ್ಲಿ ಬಾಲ ನ್ಯಾಯ ಮಂಡಳಿ, ಎಲ್ಲರ ಬಾಯಲ್ಲೂ ಬರೀ ಬೋರ್ಡು. ಅದಕ್ಕೆ ಮುಂಚೆ ಒಬ್ಬೊಬ್ಬ ವಕೀಲರೂ ನಿನ್ನ ಮೇಜಿನ ಮುಂದಿನ ತಗ್ಗು ಕುರ್ಚಿಯಲ್ಲಿ ಕೂತು ತಮ್ಮ ಕೇಸನ್ನು ಆ ಮಗುವೇ ಹೇಳಿದ ಹಾಗೆ ಹೇಳಬೇಕಿತ್ತು. ‘ನನ್ನ ಕಕ್ಷಿದಾರ’ ಎಂದರೆ ನೀನು ಪೆನ್ನಿನಿಂದ ಮೇಜು ಬಡಿಯುತ್ತಿದ್ದೆ. ‘ನಾನು’ ಅನ್ನಬೇಕು. ದಪ್ಪ ಮೀಸೆಯ ವಕೀಲರೊಬ್ಬರು ಮೊಳಕಾಲು ಎದೆಗೆ ತಾಗುವಂತೆ ಕೂತು “ನಾ ಎಂಟನೇತ್ತ ಓದಾಕತ್ತೇನ್ರಿ” ಎಂದಾಗ ನನಗೆ ನಗು ತಡೆಯಲಿಲ್ಲ, ನೀನು ನನ್ನನ್ನು ಹೊರಗೆ ಕಳಿಸಿದೆ. ಇವರೆಲ್ಲ ಮಗುವಿನ ಅಪ್ಪನನ್ನು ಕೇಳಿ ಮಗುವಿನ ಕೇಸು ನಡೆಸುತ್ತಾರೆ, ಕೂಸಿನ ಬಾಯಿ ಇವರಿಗೆ ಬರಬೇಕು ಎನ್ನುವುದು ನಿನ್ನ ಲೆಕ್ಕ.

ರಜೆಯ ಮೊದಲ ದಿನ ಆಫೀಸಿಗೆ ಹೋದಾಗ ಕುರ್ಚಿ ಅಲ್ಲೇ ಇತ್ತು. ಮಲ್ಲಿಕಾರ್ಜುನ ಸರ್ ಏನನ್ನೂ ಬದಲಿಸಿಲ್ಲ. ಆದರೂ ನನಗೆ ಅವರ ಮೇಲೆ ನಂಬಿಕೆ ಹುಟ್ಟಲಿಲ್ಲ. ನಿನ್ನ ಹತ್ತಿರ ಬಂದ ಅಪ್ಪಂದಿರು ಮುಖ ಗಂಟಿಕ್ಕಿಕೊಂಡು ಹೋಗುತ್ತಿದ್ದರು, ಇವರ ಹತ್ತಿರ ಬಂದವರು ಕೈ ಮುಗಿದು ಹೋಗುತ್ತಾರೆ. ಯಾಕೆ? ಕೇಸುಗಳು ಜಲ್ದಿ ಜಲ್ದಿ ಮುಗಿಯುತ್ತವೆ. ಮಕ್ಕಳೆಲ್ಲ ಒಪ್ಪಿಕೊಳ್ಳುತ್ತಾರೆ, ಬೋರ್ಡು ಬುದ್ಧಿ ಹೇಳಿ ಮನೆಗೆ ಕಳಿಸುತ್ತದೆ. ಇಷ್ಟು ಮಕ್ಕಳು ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವುದು ಎಲ್ಲಾದರೂ ಇದೆಯಾ?

ನಿರ್ಣಾ ಊರಿನಿಂದ ಒಬ್ಬ ಹುಡುಗ ಅಣ್ಣನ ಬೈಕಿನ ಹಿಂದೆ ಕೂತು ಬಂದದ್ದು ಒಂದು ಶನಿವಾರವೇ. ಅವನ ಹೆಸರು ನಿನಗೂ ಬರೆಯುವುದಿಲ್ಲ, ಮಗುವಿನ ಹೆಸರು ಹೊರಗೆ ಬೀಳಬಾರದು ಎಂದು ಕಲಿಸಿದವಳು ನೀನೇ. ಊರಲ್ಲಿ ಯಾರದೋ ಬಾವಿಯ ಪಂಪಿನ ಮೋಟಾರು ಕಳುವಾಗಿ ಹುಮನಾಬಾದಿನ ಗುಜರಿ ಅಂಗಡಿಯಲ್ಲಿ ಸಿಕ್ಕಿತ್ತು. ಪೊಲೀಸರು ಮನೆಗೆ ಹೋದಾಗ ಇವನು ನಾನೇ ಕದ್ದೆ ಎಂದಿದ್ದ. ಹತ್ತನೆಯ ತರಗತಿ ಮುಗಿಸಿದ ಹುಡುಗ. ಅಣ್ಣ ಪೊಲೀಸ್ ಭರ್ತಿಯಲ್ಲಿ ಪಾಸಾಗಿ ಆರ್ಡರಿಗೆ ಕಾಯುತ್ತಿದ್ದ. ಕೇಸು ಬಂದದ್ದು ನಮ್ಮ ಕಲ್ಯಾಣದವರೇ ಆದ ಸವಿತಾ ಮೇಡಂ ಕೈಗೆ. ಅವರು ತಗ್ಗು ಕುರ್ಚಿಯಲ್ಲಿ ಕೂತು ಆ ಹುಡುಗನಾಗಿ ಮಾತಾಡಿದ್ದು ಕೇಳಿದರೆ ನೀನು ಪೆನ್ನು ಕೆಳಗಿಡುತ್ತಿದ್ದೆ, ಅಷ್ಟು ಚಂದ. ಸರ್ ತಲೆಯಾಡಿಸಿ, ಆಯಿತು, ಇದೇ ಇರಲಿ ಎಂದರು.

ಹೊರಗೆ ಬೆಂಚಿನ ಮೇಲೆ ಕೂತಿದ್ದ ಹುಡುಗನಿಗೆ ನೀರು ಕೊಡಲು ಹೋದಾಗ ಅವನು ತುಟಿ ಅಲ್ಲಾಡಿಸುತ್ತಿದ್ದ. ಏನು ಎಂದು ಕೇಳಿದೆ. ಎದ್ದು ನಿಂತು ಹೇಳಿದ: “ಸದರಿ ಮೋಟಾರನ್ನು ನಾನೊಬ್ಬನೇ ಬಿಚ್ಚಿ ಒಯ್ದಿದ್ದು, ಇದರಲ್ಲಿ ಬೇರೆ ಯಾರದೂ ಕೈ ಇರುವುದಿಲ್ಲ.” ಸದರಿ! ಆ ಪದ ನನಗೇ ಗೊತ್ತಿರಲಿಲ್ಲ, ಇದೇ ಆಫೀಸಿನಲ್ಲಿ ಕೇಳಿ ತಿಳಿದುಕೊಂಡೆ. ಇವನಿಗೆ ಎಲ್ಲಿ ಸಿಕ್ಕಿತು? ಅವನು ಉಸಿರು ತೆಗೆದುಕೊಂಡದ್ದು ಸವಿತಾ ಮೇಡಂ ಉಸಿರು ತೆಗೆದುಕೊಂಡ ಜಾಗದಲ್ಲೇ. ನೀರು ಅವನ ಕೈಗೆ ಕೊಟ್ಟು, ಕುಡಿ ಎಂದೆ.

ಸವಿತಾ ಮೇಡಂಗೆ ಹೇಳಿದೆ. ಅವರು ಬೇಸರ ಮಾಡಿಕೊಂಡರು. ಹುಡುಗ ಬೋರ್ಡಿನ ಮುಂದೆ ತೊದಲಬಾರದು ಎಂದು ಕೂಡಿಸಿ ಹೇಳಿಕೊಟ್ಟಿದ್ದಾರೆ, ಅದರಲ್ಲಿ ತಪ್ಪೇನು? ಮಾಡಿದ್ದೇನೆ ಎಂದು ಅವನೇ ಹೇಳುವಾಗ ನಾವ್ಯಾಕೆ ಕೆದಕಬೇಕು? ಅಷ್ಟರಲ್ಲಿ ಒಳಗಿನಿಂದ ಹುಡುಗನ ಅಪ್ಪನ ದನಿ ಕೇಳಿಸಿತು. ಸರ್ ಜೊತೆ ಮಾತಾಡುತ್ತಿದ್ದರು.

“ಸಣ್ಣಾವಂದು ಕೇಸಿನ ರಿಕಾರ್ಡ ಅಳಿಸಿ ಹೋಗ್ತದಂತಲ್ರಿ ಸಾಹೇಬ್ರ. ದೊಡ್ಡಾವಂದು ಹಂಗಲ್ಲ, ನೌಕರಿ ಪ್ರಶ್ನಿ ಅದ.”

ಸರ್ ಎದ್ದು ಬಂದು ಬಾಗಿಲು ಹಾಕಿಕೊಂಡರು. ನನ್ನನ್ನು ನೋಡಿಯೇ ಹಾಕಿಕೊಂಡರು ಅತ್ತಿ.

ಅವತ್ತು ಬಸ್ಸಿನಲ್ಲಿ ಕಲ್ಯಾಣಕ್ಕೆ ಮರಳುವಾಗ ನನ್ನ ಸಂಶಯ ಒಬ್ಬೊಬ್ಬರ ಮೇಲೂ ಕೂತು ಎದ್ದಿತು. ಹುಡುಗನ ಅಪ್ಪ ಸರ್ ಕೈ ಬಿಸಿ ಮಾಡಿರಬೇಕು. ಇಲ್ಲ, ಸವಿತಾ ಮೇಡಂಗೆ ಮೊದಲೇ ಗೊತ್ತಿತ್ತು. ಇಲ್ಲ, ಎಲ್ಲರೂ ಸೇರಿ… ಕೊನೆಗೆ ನಿನ್ನ ಮೇಲೂ ಬಂತು. ವಕೀಲರಿಗೆ ಮಕ್ಕಳ ಬಾಯಿಂದ ಮಾತಾಡಲು ಕಲಿಸಿದವಳು ನೀನು. ಅವರು ಕಲಿತರು. ಎಷ್ಟು ಚೆನ್ನಾಗಿ ಕಲಿತರೆಂದರೆ, ಈಗ ಮಕ್ಕಳು ಅವರನ್ನು ನೋಡಿ ಕಲಿಯುತ್ತಿದ್ದಾರೆ. ನಿನ್ನ ಕಾಲದಲ್ಲೂ ಹೀಗೇ ಆಗುತ್ತಿತ್ತಾ? ನೀನು ಹುಡುಗರನ್ನು ಬೆಂಚಿನ ಮೇಲೇ ಬಿಟ್ಟು, ಒಳಗೆ ವಕೀಲರು ಆಡಿದ ಹುಡುಗನನ್ನು ನೋಡಿ ಸಮಾಧಾನಪಟ್ಟುಕೊಂಡದ್ದು ಎಷ್ಟು ಸಲವೋ? ನೀನು ಇದ್ದಿದ್ದರೆ ಇದನ್ನು ಕೇಳಲು ನನಗೆ ಧೈರ್ಯ ಬರುತ್ತಿರಲಿಲ್ಲ.

ಮುಂದಿನ ಶನಿವಾರ ಅವರೆಲ್ಲ ಮತ್ತೆ ಬಂದಿದ್ದರು, ಅವನ ಕೇಸು ಬೋರ್ಡಿಗೆ ಬರಲು ಎರಡೇ ದಿನ ಇತ್ತು, ಸರ್ ಮುಂದೆ ನಿಂತು ಬಾಯಿ ಬಿಟ್ಟೆ. ಭಯ ಆದಾಗ ನನಗೆ ಇಂಗ್ಲಿಷೇ ಬರುವುದು, “ಸರ್, ಹೀ ಈಸ್ ಟ್ಯೂಟರ್ಡ್” ಎಂದೆ. ಇವನಿಗೆ ಹೇಳಿಕೊಟ್ಟಿದ್ದಾರೆ ಎಂದು. ಅವರು ಕನ್ನಡಕ ತೆಗೆದು ಒರೆಸಿದರು. ನಿಮ್ಮ ಅತ್ತಿ ಹುಡುಗರನ್ನು ಈ ಕುರ್ಚಿಯಲ್ಲಿ ಎಂದೂ ಕೂಡಿಸಿಲ್ಲ ಎಂದರು. ಬೈಗುಳವೋ ಒಪ್ಪಿಗೆಯೋ ನನಗೆ ತಿಳಿಯಲಿಲ್ಲ. ಆಮೇಲೆ ಅಪ್ಪನನ್ನೂ ಅಣ್ಣನನ್ನೂ ಚಹಾಕ್ಕೆ ಹೋಗಿ ಬನ್ನಿ ಎಂದು ಕಳಿಸಿದರು. ಹುಡುಗನನ್ನು ಒಳಗೆ ಕರೆದರು. ಅವನು ತಗ್ಗು ಕುರ್ಚಿಯ ಕಡೆ ಹೊರಟ. ಸರ್ ಅವನನ್ನು ತಡೆದು, ತಾವು ಹೋಗಿ ಅದರಲ್ಲಿ ಕೂತರು. ಹುಡುಗನಿಗೆ ನಿನ್ನ ಕುರ್ಚಿ ತೋರಿಸಿದರು.

“ನೀ ವಕೀಲ. ನಾ ನಿರ್ಣಾದ ಹುಡುಗ. ಮೋಟಾರ ನಾನೇ ತೊಗೊಂಡೇನಿ ಅಂತೀನಿ. ಈಗ ನನಗ ಏನ್ ಕೇಳ್ತಿ ಕೇಳು.”

ಹುಡುಗ ಸವಿತಾ ಮೇಡಂ ಕಡೆ ನೋಡಿದ. ಅವರು ನೆಲ ನೋಡುತ್ತಿದ್ದರು. ಮೊದಲು ಅವನಿಗೆ ನಗು ಬಂತು. ಹೆಸರೇನು ಎಂದು ಕೇಳಿದ, ಸರ್ ಹೇಳಿದರು. ಯಾವ ಶಾಲೆ ಎಂದ, ಅದನ್ನೂ ಹೇಳಿದರು. ಕಳ್ಳತನ ಯಾಕೆ ಮಾಡಿದಿ ಎಂದು ವಕೀಲರ ಗತ್ತಿನಲ್ಲಿ ಕೇಳಿ, ನಮ್ಮನ್ನೂ ನಗಿಸಿದ. ಆಮೇಲೆ ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತ, ಬಹಳ ಮೆಲ್ಲಗೆ ಕೇಳಿದ:

“ಅವತ್ತು ನಿಮ್ಮಣ್ಣ ಎಲ್ಲಿದ್ದ?”

ಪೊಲೀಸರು ಕೇಳಿರಲಿಲ್ಲ. ನಾವೂ ಕೇಳಿರಲಿಲ್ಲ. ಸರ್ ತಗ್ಗು ಕುರ್ಚಿಯಲ್ಲೇ ಕೂತು, ಹುಡುಗನ ದನಿಯಲ್ಲೇ, ಅದಕ್ಕೆ ನಾನೇನು ಹೇಳಲಿ ಎಂದರು.

“ನನಗೂ ಗೊತ್ತಾಗಂಗಿಲ್ರಿ,” ಎಂದ ಹುಡುಗ. “ಇದ್ದಿದ್ದು ಹೇಳಿದ್ರ ಆ ಹುಡುಗ ಮನಿಗೆ ಹ್ಯಾಂಗ ಹೋಗಬೇಕ್ರಿ?”

ನೋಡು, ಅವನಿಗೆ ಬೋರ್ಡಿನ ಭಯವೇ ಇರಲಿಲ್ಲ. ಮನೆಯದೇ ಭಯ. ಸರ್ ಆಗ ತಮ್ಮ ದನಿಗೆ ಮರಳಿದರು. ನೀನು ಯಾರ ಹೆಸರೂ ಹೇಳಬೇಕಿಲ್ಲ, ಅಣ್ಣನನ್ನು ಹಿಡಿದುಕೊಡುವುದು ನಿನ್ನ ಕೆಲಸವಲ್ಲ, ನಮ್ಮದೂ ಅಲ್ಲ. ಆದರೆ ನೀನು ಮಾಡದ್ದನ್ನು ಮಾಡಿದೆ ಎಂದು ನನ್ನ ವಕೀಲರ ಬಾಯಿಂದ ಹೇಳಿಸಲಾರೆ ಎಂದರು. ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಇವರಿಗೆ ಇದು ಮೊದಲೇ ಗೊತ್ತಿತ್ತಾ? ಗೊತ್ತಿದ್ದೂ ನಾನು ಬಾಯಿ ಬಿಡುವವರೆಗೆ ಕಾದರಾ? ಆಮೇಲೆ ಧೈರ್ಯ ಮಾಡಿ, ಅವತ್ತು ಬಾಗಿಲು ಹಾಕಿಕೊಂಡು ಅವನ ಅಪ್ಪನಿಗೆ ಏನು ಹೇಳಿದಿರಿ ಎಂದು ಕೇಳಿದೆ. “ಏನೂ ಹೇಳ್ಲಿಲ್ಲವಾ. ಕೇಳಕೋತ ಕುಂತೆ. ತಪ್ಪು ಅದೇ,” ಎಂದರು. ನಿಜವೇ ಇರಬಹುದು. ಇರಬಹುದು ಎಂದಷ್ಟೇ ಬರೆಯುತ್ತೇನೆ.

ಬೀದರಿಗೆ ಹೋದ ಸೋಮವಾರ ಅಪ್ಪ ಮುಂದಿನ ಬೆಂಚಿನಲ್ಲಿ ಕೂತಿದ್ದರು, ಮಗನ ಮುಖ ಕಾಣುವಷ್ಟು ಹತ್ತಿರ. ಸವಿತಾ ಮೇಡಂ ತಾವೇ ಎದ್ದು, ನನ್ನ ಕಕ್ಷಿದಾರನಿಗೆ ಹೇಳಲು ಸ್ವಲ್ಪ ಖಾಸಗಿ ಜಾಗ ಬೇಕು ಎಂದು ಕೇಳಿಕೊಂಡರು. ಅಪ್ಪನನ್ನು ಹೊರಗೆ ಕಳಿಸಿದರು. ಬಾಗಿಲು ದಾಟುವಾಗ ಅವರು ಸರ್ ಕಡೆ ನೋಡಿದ ನೋಟವಿದೆಯಲ್ಲ, ನಿನ್ನ ಆಫೀಸಿನಿಂದ ಹೋಗುತ್ತಿದ್ದ ಅಪ್ಪಂದಿರ ನೋಟ ಅದು. ಮ್ಯಾಜಿಸ್ಟ್ರೇಟ್ ಮೇಡಂ ಕೇಳಿದಾಗ ಹುಡುಗ, “ನಾ ಮಾಡಿಲ್ರಿ” ಎಂದ. ಮತ್ತೆ ಯಾಕೆ ಒಪ್ಪಿಕೊಂಡಿದ್ದೆ ಎಂದರೆ ಬಾಗಿಲ ಕಡೆ ನೋಡಿದ. ಅವರು ಒತ್ತಾಯ ಮಾಡಲಿಲ್ಲ. ಕೇಸು ಮುಗಿದಿಲ್ಲ. ವಿಚಾರಣೆ ನಡೆಯುತ್ತದೆ, ಎಷ್ಟು ದಿನವೋ ಯಾರಿಗೂ ಗೊತ್ತಿಲ್ಲ. ಇಷ್ಟರಲ್ಲಿ ಮುಗಿದು, ಅಳಿಸಿಯೂ ಹೋಗುತ್ತಿದ್ದ ಕೇಸನ್ನು ನಾನು ಎಳೆದೆ. ಒಳ್ಳೆಯದು ಮಾಡಿದೆನಾ? ನೀನಾದರೂ…

ಹೊರಗೆ ಬಂದರೆ ಅಪ್ಪ ಇರಲಿಲ್ಲ. ಹಿರಿಮಗನನ್ನು ಕರೆದುಕೊಂಡು ಬೈಕಿನಲ್ಲಿ ಹೊರಟುಹೋಗಿದ್ದರು. ಹುಡುಗ ನಮ್ಮ ಜೊತೆ ಬಸ್ಸಿನಲ್ಲಿ ಹುಮನಾಬಾದಿಗೆ ಬಂದ. ಮುಡಬಿಯಲ್ಲಿ ಅವನ ಸೋದರಮಾವ ಇದ್ದಾರೆ, ಸ್ವಲ್ಪ ದಿನ ಅಲ್ಲಿರು ಎಂದು ಸರ್ ಫೋನ್ ಕೂಡ ಮಾಡಿಟ್ಟಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಅವನು ಎರಡೂ ಕಡೆಯ ಬಸ್ಸು ನೋಡಿದ. ನಾನು ಮುಡಬಿಯ ಕಡೆ ಕೈ ತೋರಿಸಿದೆ. “ಅವ್ವ ದಾರಿ ನೋಡ್ತಿರ್ತಾಳ್ರಿ ಅಕ್ಕಾ,” ಎಂದು ನಿರ್ಣಾ ಬಸ್ಸು ಹತ್ತಿದ. ಸರ್ ತಡೆಯಲಿಲ್ಲ. ಅವನು ಹೇಳಿದ್ದನ್ನು ಕೇಳುವುದೇ ನಮ್ಮ ಕೆಲಸ ಎಂದರು. ನನಗೆ ಅವರನ್ನು ಅಲ್ಲೇ ಬೈಯಬೇಕೆನಿಸಿತು.

ಈಗ ಸುದ್ದಿ ಹೇಳುತ್ತೇನೆ. ಇನ್ನು ಮುಂದೆ ಶನಿವಾರ ಮೊದಲು ಮಗು ಬರಬೇಕು, ವಕೀಲರನ್ನು ಪ್ರಶ್ನೆ ಕೇಳಬೇಕು, ಆಮೇಲೆ ಉಳಿದದ್ದು ಎಂದು ಸರ್ ಎಲ್ಲರಿಗೂ ಹೇಳಿದ್ದಾರೆ. ನಿನ್ನ ಪದ್ಧತಿ ಬದಲಾಯಿತು. ಬದಲಿಸಿದವಳು ನಾನೂ ಒಬ್ಬಳು, ಕೆಂಪು ಪೆನ್ನು ಇದ್ದರೆ ಗೀಚು. ನಿನ್ನೆ ಸರ್ ನಿರ್ಣಾದ ಮನೆಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು. ತಾಯಿ ಎತ್ತಿದರು. ಹುಡುಗ ಹೇಗಿದ್ದಾನೆ ಎಂದು ಕೇಳಿದ್ದಕ್ಕೆ, “ಆರಾಮ ಅದಾನ್ರಿ, ಉಣ್ಣಾಕತ್ತಾನ್ರಿ” ಎಂದರು. ಅವನಿಗೇ ಕೊಡಿ ಎಂದರೆ, ಅವನ ಕೈ ಎಂಜಲು ಎಂದು ಫೋನ್ ಇಟ್ಟುಬಿಟ್ಟರು. ಸರ್ ನಿರಾಳವಾಗಿ ಕುರ್ಚಿಗೆ ಒರಗಿದರು. ನನಗೆ ಒರಗಲು ಆಗಲಿಲ್ಲ ಅತ್ತಿ, ಆ ಉತ್ತರದಲ್ಲಿ ಹಾಸ್ಟೆಲಿನ ಇನ್ಸ್‌ಪೆಕ್ಷನ್ ಸಾಲಿನ ಸಪ್ಪಳ ಕೇಳಿಸಿತ್ತು. ನಾಳೆ ಆಫೀಸಿಗೆ ಹೋಗುವುದಿಲ್ಲ, ನಿರ್ಣಾ ಬಸ್ಸು ಹತ್ತುತ್ತೇನೆ. ಊಟದ ಹೊತ್ತಿಗೇ ಹೋಗುತ್ತೇನೆ.

ನಿನ್ನ ಸೋದರಸೊಸೆ