ಸ್ವೆಟರ್ ಕಳಿಸಲಾಗದ್ದಕ್ಕೆ ಕಾರಣ

ಭಾನುವಾರ, ಮಧ್ಯಾಹ್ನ

ಸಿಟ್ಟಿನಲ್ಲೂ ಈ ಲಕೋಟೆ ಒಡೆದವಳಿಗೆ,

ನಾನು ಕ್ಷೇಮ. ನೀನೂ ಕ್ಷೇಮವೆಂದು ನಿನ್ನ ತಂಗಿ ಈಗಷ್ಟೇ ಫೋನಿನಲ್ಲಿ ಹೇಳಿದಳು. ಚಳಿ ಶುರುವಾಗಿದೆ, ಅಕ್ಕನ ಹಸಿರು ಸ್ವೆಟರ್ ಕಳಿಸಿಕೊಡಿ ಭಾವ ಎಂದೂ ಅಂದಳು. ಅದು ಮನೆಯಲ್ಲಿಲ್ಲ. ಇವತ್ತು ಬೆಳಿಗ್ಗೆ ಒಂದು ನಾಯಿಯ ಜೊತೆ ಹೋಯಿತು. ನಗಬೇಡ, ನಗು ಬಂದರೆ ತಡೆಯಲೂ ಬೇಡ.

ನೀನು ಹೋದ ಮೇಲೆ ಮನೆ ಎಷ್ಟು ಸುಮ್ಮನಾಯಿತೆಂದರೆ, ಫ್ರಿಜ್ಜು ಗುರುಗುಟ್ಟಿದರೂ ‘ಏನು?’ ಎಂದು ಕೇಳುತ್ತಿದ್ದೆ. ನಮ್ಮ ಕನ್ನಡಕದಂಗಡಿಗೆ ಬರುವ ನಾಯಿ ಡಾಕ್ಟರಮ್ಮ, ದಿಕ್ಕಿಲ್ಲದ ನಾಯಿಗಳಿಗೆ ಆಶ್ರಯ ನಡೆಸುವವರು, ಒಂದು ಹೆಣ್ಣು ನಾಯಿಯನ್ನು ಖಾಯಂ ಮನೆ ಸಿಗುವ ತನಕ ಇಟ್ಟುಕೊಳ್ಳುತ್ತೀರಾ ಎಂದರು. ಒಪ್ಪಿದೆ. ಒಂದು ಕಿವಿ ಜೋಲುತ್ತಿತ್ತು, ಜೋಲಿ ಎಂದು ಕರೆದೆ. ಹಿಂದೆ ಸಾಕಿದ್ದ ಗಂಡಸು ಕಟ್ಟಿಹಾಕಿ ಹೊಡೆಯುತ್ತಿದ್ದನಂತೆ. ಗಂಡಸೆಂದರೆ ಅವಳಿಗೆ ನಡುಕ ಎಂಬುದನ್ನು ಡಾಕ್ಟರಮ್ಮ ಹೇಳಲು ಮರೆತರೋ, ನನ್ನನ್ನು ಆ ಪೈಕಿ ಎಣಿಸಲಿಲ್ಲವೋ ಗೊತ್ತಿಲ್ಲ.

ಬಂದವಳೇ ನಿನ್ನ ಹೊಲಿಗೆ ಮಷಿನ್ನಿನ ಅಡಿ ಸೇರಿದಳು. ಅನ್ನ ಇಟ್ಟರೆ ಬೆನ್ನು ಕೊಟ್ಟಳು. ನಾನು ಎದ್ದು ನಿಂತರೆ ಕೂತಲ್ಲೇ ಉಚ್ಚೆ ಹೊಯ್ದುಕೊಂಡಳು. ಅಭ್ಯಾಸಬಲದಿಂದ ‘ಜೋಲಿ ಜೋಲಿ, ತಟ್ಟೆ ಮಾಡು ಖಾಲಿ’ ಎಂದು ಹಾಡಿ ನೋಡಿದೆ. ನನ್ನ ಪ್ರಾಸ ನಿನ್ನ ಮೇಲೆ ನಡೆದಷ್ಟೇ ಅವಳ ಮೇಲೂ ನಡೆಯಿತು.

ಒಂದು ಬೆಳಿಗ್ಗೆ ಚಳಿಗೆ ಸಿಕ್ಕಿದ್ದು ಬಾಗಿಲ ಹಿಂದೆ ನೇತಾಡುತ್ತಿದ್ದ ನಿನ್ನ ಸ್ವೆಟರ್. ಹಾಕಿಕೊಂಡೆ, ಗುಂಡಿಗಳಿಗೂ ನನ್ನ ಹೊಟ್ಟೆಗೂ ಕೂಡಿಬರಲಿಲ್ಲ. ಮಷಿನ್ನಿನಡಿಯಿಂದ ಮೊದಲು ಮೂಗು ಬಂತು, ಆಮೇಲೆ ಅವಳೇ ಬಂದಳು. ತೋಳು ಮೂಸಿ, ಉಂಡಳು. ಅಂದಿನಿಂದ ಅದೇ ನನ್ನ ಸಮವಸ್ತ್ರ. ಅದನ್ನು ತೊಟ್ಟೇ ಕುತ್ತಿಗೆಯ ಗಾಯಕ್ಕೆ ಮುಲಾಮು ಹಚ್ಚಿದೆ, ಮೆಟ್ಟಿಲು ಹತ್ತಿಳಿಯಲು ಕಲಿಸಿದೆ, ಬೀದಿ ಸುತ್ತಿಸಿದೆ. ಎದುರುಮನೆ ಅಜ್ಜಿ ಒಮ್ಮೆ ಗೇಟಿನ ತನಕ ಧಾವಿಸಿ ಬಂದು, ಮುಖ ಸಪ್ಪಗೆ ಮಾಡಿಕೊಂಡರು.

“ಹಸಿರು ಕಂಡ್ತು, ಅವಳು ಬಂದ್ಲೇನೋ ಅಂದ್ಕೊಂಡೆ ಕಣಪ್ಪ. ನೋಡಿದ್ರೆ ನೀನು.”

ಕನ್ನಡಿ ನೋಡಿದಾಗ ನನಗೂ ಅಷ್ಟೇ ನಿರಾಸೆ.

ಒಗೆಯಲಿಲ್ಲ. ನಿನ್ನ ವಾಸನೆ ಹೋದರೆ ನಾಯಿ ಮತ್ತೆ ಮೂಲೆ ಸೇರುತ್ತದೆ ಎಂದು ಡಾಕ್ಟರಮ್ಮನಿಗೆ ಹೇಳಿದೆ. ಕಾರಣ ಅದೊಂದೇ ಎಂದು ಅವರು ನಂಬಿದರು.

ಬರಬರುತ್ತಾ ನಾನು ಅಂಗಡಿಯಿಂದ ಬರುವ ಹೊತ್ತಿಗೆ ಅವಳು ಬಾಗಿಲೊಳಗೆ ಕಾದು ಕೂತಿರುತ್ತಿದ್ದಳು. ಆದರೂ ನಾನು ಕಿಟಕಿಯಿಂದ ಕೈಹಾಕಿ ಸ್ವೆಟರ್ ಎಳೆದು, ಹೊರಗೇ ತೊಟ್ಟು, ಆಮೇಲೆ ಒಳಗೆ ಹೋಗುತ್ತಿದ್ದೆ. ಬರೀ ಅಂಗಿಯಲ್ಲಿ ಒಮ್ಮೆಯೂ ಹೋಗಿ ನೋಡಲಿಲ್ಲ. ಅವಳು ನಡುಗಿದರೆ ನೋಡುವ ಧೈರ್ಯ ಇರಲಿಲ್ಲ.

ಕಳೆದ ವಾರ ಡಾಕ್ಟರಮ್ಮ ಬಂದು, ಮನೆ ಸಿಕ್ಕಿದೆ, ಅಕ್ಕ ತಂಗಿ ಇಬ್ಬರೂ ನರ್ಸು, ಗಂಡಸರಿಲ್ಲದ ಮನೆ ಅಂದರು. ನನ್ನ ಮುಖ ನೋಡಿ, “ನೀವೇ ಇಟ್ಕೊಳ್ಳೋದಾದ್ರೆ ಅವರಿಗೆ ಬೇರೆ ನಾಯಿ ತೋರಿಸ್ತೀನಿ. ಹೇಳಿ” ಅಂದರು.

ಬೇಕು ಎಂಬ ಮಾತು ಹಲ್ಲಿನ ತನಕ ಬಂದಿತ್ತು. ಆದರೆ ಅವಳು ಬರುವುದು ಸ್ವೆಟರಿನ ಹತ್ತಿರ, ಅದರೊಳಗಿನವನ ಹತ್ತಿರ ಅಲ್ಲವಲ್ಲ. ಆ ಮನೆಯಲ್ಲಾದರೆ ಯಾರೂ ವೇಷ ಹಾಕಬೇಕಿಲ್ಲ. ಕಳಿಸಿಕೊಡುತ್ತೇನೆ ಅಂದೆ. ಹೊರಟವರಿಗೆ ಬಾಗಿಲು ತೆರೆದುಕೊಡುವುದು ದೊಡ್ಡತನವೆಂದು ನಂಬಿದವನು ನಾನು. ನಿನಗೆ ಗೊತ್ತೇ ಇದೆ.

ಬೆಳಿಗ್ಗೆ ಅಕ್ಕತಂಗಿಯರು ಬಂದಾಗ ಸ್ವೆಟರ್ ಬಿಚ್ಚಿ ಅವರ ಕೈಗೆ ಕೊಟ್ಟು, ಅವಳು ಹೆದರದಿರಲೆಂದು ದೂರ ಗೋಡೆಯ ಪಕ್ಕ ನಿಂತೆ. ಹೊಸ ಜಾಗದಲ್ಲಿ ಗುರುತಿನ ವಾಸನೆ ಒಂದಿರಲಿ. ನಿನಗೆ ಹಸಿರಿನದೇ ಇನ್ನೊಂದು ಕಳಿಸುತ್ತೇನೆ. ಅಳತೆ ನೆನಪಿದೆ.

ಇಂತಿ,
ಪ್ರಾಸ ಬಿಟ್ಟರೆ ಬೇರೇನೂ ಬಾರದ
ನಿನ್ನವನು

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಕಾರು ಹೊರಟಾಗ ಸ್ವೆಟರ್ ಹಿಂದಿನ ಸೀಟಿನಲ್ಲಿ ಅವಳ ಪಕ್ಕದಲ್ಲೇ ಇತ್ತು. ಅವಳು ಅದನ್ನು ಮೂಸಲಿಲ್ಲ. ಅದನ್ನೇ ತುಳಿದು ಮೇಲೆ ಹತ್ತಿ, ಹಿಂದಿನ ಗಾಜಿಗೆ ಮೂಗೊತ್ತಿ, ಬರೀ ಅಂಗಿಯಲ್ಲಿ ನಿಂತಿದ್ದ ನನ್ನನ್ನು ನೋಡುತ್ತಾ ಬೊಗಳಿದಳು, ತಿರುವು ಬರುವ ತನಕ. ಅವಳ ದನಿ ನಾನು ಕೇಳಿದ್ದು ಅದೇ ಮೊದಲು. ಕಾರು ನಿಲ್ಲಿಸಿ ಎಂದು ಕೂಗಬೇಕಿತ್ತು. ಕೈ ಬೀಸಿದೆ.